ಮೇ 31ರ ಮೇಷ್ಟ್ರುಗಳು

ನಮ್ಮ ಕಡೆ ಒಂದು ತಲೆಮಾರಿನವರು ಗುಂಪುಗುಂಪಾಗಿ ಜೂನ್ 1ರಂದೇ ಹುಟ್ಟಿದ್ದಾರೆ. ಅವತ್ತು ಗ್ರಹಗತಿಯೇನೂ ವಿಶೇಷವಾಗಿರಲಿಲ್ಲ, ಇಸ್ಕೂಲು ಶುರುವಾಗುವ ಕಾಲ ಅಷ್ಟೆ. ಅಪ್ಪ ಅಳುವ ಮಗನನ್ನು ಎಳೆದುಕೊಂಡು ಬರುತ್ತಿದ್ದ. ಹೆಡ್ಮೇಷ್ಟ್ರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು, ಮುಟ್ಟದಿದ್ದರೆ ಬರುವ ವರ್ಷ. ಹುಟ್ಟಿದ ತಾರೀಖು ಕೇಳಿದರೆ ಅಪ್ಪ, ‘ಕೆಂದ ಹಸ ಕರು ಹಾಕಿದ್ ವರ್ಷ ಸಾಮಿ, ಗೌರಿ ಹಬ್ಬದ ಹಿಂದುಮುಂದು’ ಅನ್ನುತ್ತಿದ್ದ. ಇಷ್ಟು ಖಚಿತವಾದ ಮಾಹಿತಿಗೆ ದಾಖಲಾತಿ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ. ಹೆಡ್ಮೇಷ್ಟ್ರು ಬೆರಳು ಮಡಿಚಿ ಆರು ವರ್ಷ ಹಿಂದಕ್ಕೆ ಹೋಗಿ ಜೂನ್ 1 ಅಂತ ಬರೆದು, ಶಾಯಿ ಆರಲಿ ಎಂದು ಊದುತ್ತಿದ್ದರು.

ಹಾಗೆ ದಾಖಲಾದ ಹುಡುಗರಲ್ಲಿ ಎಷ್ಟೋ ಜನ ಮುಂದೆ ತಾವೇ ಮೇಷ್ಟ್ರಾದರು. ಹಳೆಯ ಹೆಡ್ಮೇಷ್ಟ್ರ ಅಕ್ಷರ ಆಮೇಲೆ ಅವರ ಬೆನ್ನು ಹತ್ತಿತು. ಕರ್ನಾಟಕದಲ್ಲಿ ಸರ್ಕಾರಿ ನೌಕರರಿಗೆ ನಿವೃತ್ತಿ ವಯಸ್ಸು 60. 2008ಕ್ಕೆ ಮುಂಚೆ 58 ಇತ್ತು. ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ಒಂದನೇ ತಾರೀಖು ಹುಟ್ಟಿದವರು ಅದರ ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. 1965ರ ಜೂನ್ 1ರವರು 2025ರ ಮೇ 31ರ ಸಂಜೆಗೆ ಮಾಜಿ. ಆ ಪುಣ್ಯಾತ್ಮ ಜೂನ್ 2 ಅಂತ ಬರೆದಿದ್ದರೆ ಇನ್ನೊಂದು ತಿಂಗಳ ಸಂಬಳ ಸಿಗುತ್ತಿತ್ತು. ಇದನ್ನು ಬೀಳ್ಕೊಡುಗೆ ಸಭೆಯಲ್ಲಿ ಯಾರೂ ಹೇಳುವುದಿಲ್ಲ. ಸನ್ಮಾನಿತರು ಮಾತ್ರ ಶಾಲಿನೊಳಗೆ ಕೂತು ಅದನ್ನೇ ಲೆಕ್ಕ ಹಾಕುತ್ತಿರುತ್ತಾರೆ.

ಮೇ 31ರಿಂದ ಒಂದು ಅನುಕೂಲವೂ ಇದೆ. ಈಗೀಗ ಬೇಸಿಗೆ ರಜೆ ಮುಗಿದು ಶಾಲೆಗಳು ಮೇ ಕೊನೆಗೇ ಬಾಗಿಲು ತೆಗೆಯುತ್ತವೆ. ಮಕ್ಕಳ ಕೈಗೆ ಗುಲಾಬಿ ಕೊಟ್ಟು, ಪಾಯಸ ಮಾಡಿಸಿ, ಮಾವಿನ ತೋರಣ ಕಟ್ಟಿ ‘ಪ್ರಾರಂಭೋತ್ಸವ’ ಮಾಡಬೇಕು. ತಿಪಟೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಅದೇ ಶಾಮಿಯಾನ, ಅದೇ ತೋರಣ, ಅದೇ ಪಾಯಸದಲ್ಲಿ ಹೆಡ್ಮೇಷ್ಟ್ರ ಬೀಳ್ಕೊಡುಗೆಯನ್ನೂ ಮುಗಿಸಿದೆವು. ಬೆಳಿಗ್ಗೆ ಒಂದನೇ ಕ್ಲಾಸಿನವರು ಒಳಗೆ ಬರಲು ಅತ್ತರು. ಮಧ್ಯಾಹ್ನ ಮೇಷ್ಟ್ರು ಹೊರಗೆ ಹೋಗಲು ಅಳಬೇಕಿತ್ತು, ಅಳಲಿಲ್ಲ. ಸಭೆಗೆ ಸ್ವಲ್ಪ ನಿರಾಸೆಯಾಯಿತು.

ತಕರಾರು ತೆಗೆದದ್ದು ಅವರ ತಾಯಿ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ, ಬಿಇಒ ಸಾಹೇಬರು ಕೈ ಮುಗಿದ ಕೂಡಲೇ ಶುರು ಮಾಡಿದರು: ‘ನನ್ ಮಗನ್ಗೆ ಇನ್ನೂ ಅರವತ್ತಾಗಿಲ್ಲ ಕಣಪ್ಪ. ಅವ್ನು ಹುಟ್ಟಿದ್ದು ಕಾರ್ತೀಕದಾಗೆ, ರಾಗಿ ಕುಯ್ಲು ನಡೀತಿತ್ತು.’

‘ಸರ್ವಿಸ್ ರಿಜಿಸ್ಟರಲ್ಲಿ ಹಂಗೇ ಐತಲ್ಲಜ್ಜಿ.’

‘ಅವನ್ನ ಹೆತ್ತಿದ್ದು ನಾನೋ ನಿಮ್ ರಿಜಿಸ್ಟ್ರೋ?’

ಇಲಾಖೆಯ ಬಳಿ ಇದಕ್ಕೆ ಉತ್ತರವಿರಲಿಲ್ಲ. ಸಾಹೇಬರು ಬೇಗ ವೇದಿಕೆ ಹತ್ತಿದರು.

ಅಲ್ಲೂ ಅವರಿಗೆ ನೆಮ್ಮದಿಯಿಲ್ಲ. ‘ನಾನು ಹೆಚ್ಚು ಮಾತಾಡಲ್ಲ’ ಎಂದು ಮೈಕು ಹಿಡಿದ ಹಳೆಯ ವಿದ್ಯಾರ್ಥಿಗಳೆಲ್ಲ ತಾವು ತಿಂದ ಏಟುಗಳ ಪಟ್ಟಿ ಓದತೊಡಗಿದರು. ಪಂಚಾಯಿತಿ ಮೆಂಬರು ಅಂಗೈ ಎತ್ತಿ ತೋರಿಸಿ, ‘ಈ ಕೈಗೆ ಮೇಷ್ಟ್ರು ಹುಣಸೆ ಬರಲಲ್ಲಿ ಕೊಟ್ಟಿದ್ದಕ್ಕೇ ಇವತ್ತು ನಾನು ಈ ಸ್ಥಾನದಲ್ಲಿದ್ದೀನಿ’ ಎಂದ. ಚಪ್ಪಾಳೆ ಬಿತ್ತು. ಮಕ್ಕಳ ಮೇಲೆ ಕೈ ಮಾಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಕಾಯ್ದೆ ಪಾಲಿಸಬೇಕಾದ ಅಧಿಕಾರಿ ಶಾಮಿಯಾನದ ತೂತು ನೋಡುತ್ತ ಕೂತರು. ನನಗೆ ಗೊತ್ತಿರುವ ಮಟ್ಟಿಗೆ ಮೇಷ್ಟ್ರು ಅಷ್ಟೊಂದು ಹೊಡೆದವರೇ ಅಲ್ಲ. ಹೊಡೆಯದಿದ್ದರೂ ಹೊಡೆಸಿಕೊಂಡಿದ್ದೇವೆ ಅನ್ನುವುದು ಹಳೆಯ ವಿದ್ಯಾರ್ಥಿಗಳ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ. ಎರಡು ಜನಗಣತಿಗೆ ಮನೆಮನೆ ಅಲೆದದ್ದು, ಚುನಾವಣೆ ಹಿಂದಿನ ರಾತ್ರಿ ಮತಪೆಟ್ಟಿಗೆ ಪಕ್ಕ ಮಲಗಿದ್ದು, ಸ್ಕಾಲರ್‌ಶಿಪ್ಪಿಗಾಗಿ ನಮ್ಮಪ್ಪಂದಿರನ್ನು ಬ್ಯಾಂಕಿಗೆ ಕರೆದೊಯ್ದು ಖಾತೆ ತೆರೆಸಿದ್ದು ಯಾರ ಬಾಯಲ್ಲೂ ಬರಲಿಲ್ಲ. ಅದರಲ್ಲಿ ನಮ್ಮ ಪಾತ್ರ ಚಿಕ್ಕದು, ಅದಕ್ಕೇ ಇರಬೇಕು. ಬೀಳ್ಕೊಡುಗೆ ಭಾಷಣಗಳಲ್ಲಿ ಮೇಷ್ಟ್ರು ಒಂದು ನೆಪ, ಕಥಾನಾಯಕರು ನಾವೇ.

ಸನ್ಮಾನಪತ್ರವನ್ನಂತೂ ಡಿಟಿಪಿ ಅಂಗಡಿಯವನು ಹಿಂದಿನ ತಿಂಗಳದ್ದರಲ್ಲಿ ಹೆಸರು ಬದಲಿಸಿ ಕೊಟ್ಟಿದ್ದ. ನಿರೂಪಕ ಗದ್ಗದನಾಗಿ ಓದಿದ: ‘ತಮ್ಮ ಅವಧಿಯಲ್ಲಿ ಠೇವಣಿ ದ್ವಿಗುಣಗೊಂಡು, ಸುಸ್ತಿ ಸಾಲ ಗಣನೀಯವಾಗಿ ಇಳಿದು...’ ಅದಕ್ಕೂ ಚಪ್ಪಾಳೆ. ಮೇಷ್ಟ್ರ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಗಾಜು ಹಾಕಿಸಿದ್ದರಿಂದ ಪತ್ರ ಬಚಾವಾಯಿತು. ತಲೆಗೆ ಮೈಸೂರು ಪೇಟ, ಹೆಗಲಿಗೆ ಒಂದರ ಮೇಲೊಂದು ಶಾಲು, ಕೊರಳಿಗೆ ನಮ್ಮೂರ ಕೊಬ್ಬರಿ ಹಾರ. ಹಾರದ ಭಾರಕ್ಕೆ ಕತ್ತು ಬಗ್ಗಿದ್ದನ್ನು ಫೋಟೊದವನು ವಿನಯ ಎಂದುಕೊಂಡು ಕ್ಲಿಕ್ಕಿಸಿದ.

ಆಮೇಲೆ ಮೆರವಣಿಗೆ. 1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವು ಮುಚ್ಚಿದ ಸಾರೋಟನ್ನು ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದರಂತೆ. ಅದನ್ನು ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಕೇಳಿ ಕೇಳಿ ನಮಗೂ ಎತ್ತಿನಗಾಡಿಗೆ ಹೆಗಲು ಕೊಡುವ ಆಸೆ. ಆದರೆ ಅಲ್ಲಿ ಗಾಡಿಯಲ್ಲಿದ್ದ ಮೇಷ್ಟ್ರಿಗೆ ಮೂವತ್ತರ ಆಸುಪಾಸು, ಎಳೆದವರು ಹದಿಹರೆಯದವರು. ಇಲ್ಲಿ ಎಳೆಯಬೇಕಾದವರಲ್ಲಿ ಒಬ್ಬನಿಗೆ ಸ್ಟೆಂಟು, ಒಬ್ಬನಿಗೆ ಸೊಂಟ, ಉಳಿದವರಿಗೆ ಸಕ್ಕರೆ. ತೆರೆದ ಜೀಪು ಬಾಡಿಗೆಗೆ ತಂದೆವು. ತಮಟೆಯವರೂ ಬಂದರು. ಮೇಷ್ಟ್ರೇ ಇಲ್ಲ.

ಹುಡುಕಿದರೆ ಅಡುಗೆಕೋಣೆಯ ಉಗ್ರಾಣದಲ್ಲಿದ್ದರು, ಪೇಟ ಹಾರದ ಸಮೇತ. ಚಾರ್ಜು ಕೊಡುವುದು ಬಾಕಿಯಿತ್ತು. ಬೀರು ಕೀಲಿ, ದಾಖಲಾತಿ ರಿಜಿಸ್ಟರು, ಅಕ್ಕಿ ಮೂಟೆ, ಹಾಲಿನ ಪುಡಿ, ಸಿಲಿಂಡರು ಎಲ್ಲ ತಾಳೆಯಾಗಿ ಬಿಸಿಯೂಟದ ಲೋಟದ ಹತ್ತಿರ ಲೆಕ್ಕ ನಿಂತಿತ್ತು.

‘ನಾಲ್ಕು ಕಮ್ಮಿ ಸಾರ್’ ಎಂದರು ಚಾರ್ಜು ತಗೊಳ್ಳುತ್ತಿದ್ದ ಟೀಚರು, ಅಳುಕಿನಿಂದ. ‘ಹೋಗಲಿ ಬಿಡಿ, ಸೈನ್ ಹಾಕ್ತೀನಿ.’

‘ಹಾಕಬೇಡಿ ಮೇಡಂ’ ಎಂದರು ಮೇಷ್ಟ್ರು. ಅವತ್ತು ಅವರ ಮುಖ ಅರಳಿದ್ದು ಆಗಲೇ. ‘ಎಣಿಸದೆ ಹಾಕಿದ ಸೈನು ನಾಳೆ ಆಡಿಟ್‌ನಲ್ಲಿ ನಿಮ್ಮ ತಲೆಗೇ ಬರ್ತದೆ.’

ಒಂದು ಲೋಟ ತಮಟೆಯವರ ಹತ್ತಿರ ಸಿಕ್ಕಿತು, ಎರಡು ವೇದಿಕೆಯ ಟೀಪಾಯಿ ಮೇಲೆ. ನಾಲ್ಕನೆಯದರಲ್ಲಿ ಬಿಇಒ ಸಾಹೇಬರು ಪಾಯಸ ಕುಡಿಯುತ್ತಿದ್ದರು. ಜೀಪಿನವನು ಹಾರನ್ ಬಾರಿಸುತ್ತಲೇ ಇದ್ದ. ಮೇಷ್ಟ್ರು ಶಾಲು ಸರಿಮಾಡಿಕೊಂಡು ವೇದಿಕೆ ಹತ್ತಿ ಸಾಹೇಬರ ಪಕ್ಕ ನಿಂತರು.

‘ನಿಧಾನಕ್ಕೆ ಕುಡೀರಿ ಸಾರ್, ಅರ್ಜೆಂಟೇನಿಲ್ಲ’ ಎಂದರು. ಕೈ ಮಾತ್ರ ಚಾಚಿಯೇ ಇತ್ತು.