ಸಮ ಮಾಡುವ ಭಾವ

ನಮ್ಮ ಭಾವನಿಗೆ ಹಾಳಾದ ವಸ್ತು ಕಂಡರೆ ಕನಿಕರ, ಸರಿಯಿರುವ ವಸ್ತು ಕಂಡರೆ ಅನುಮಾನ. ಸದ್ದಿಲ್ಲದೆ ತಿರುಗುವ ಫ್ಯಾನಿಗೂ ಒಂದು ಗಳಿಗೆ ಕಿವಿ ಕೊಟ್ಟು, "ಇದ್ ಎಂತಕ್ಕೋ ಸಮ ಇಲ್ಲ" ಎನ್ನುತ್ತಾರೆ. ಮರುದಿನ ಹೋದರೆ ಆ ಫ್ಯಾನು ಚಾವಡಿಯಲ್ಲಿ ಹಳೇ ಪೇಪರಿನ ಮೇಲೆ ಅಂಗಾತ ಮಲಗಿರುತ್ತದೆ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಇಂಥವರು ಕುಟುಂಬಕ್ಕೊಬ್ಬರಂತೆ ಇದ್ದಾರೆ. ನಮ್ಮ ಪಾಲಿಗೆ ಬಂದವರು ಕೋಟದವರು. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಬೇಕರಿ ನಡೆಸಿ, ಓವನ್ನನ್ನು ಒಮ್ಮೆಯೂ ಮೆಕ್ಯಾನಿಕ್ಕಿನ ಕೈಗೆ ಕೊಡದೆ ಊರಿಗೆ ಮರಳಿದವರು. (ಆ ಓವನ್ನಿನ ಗತಿ ಏನಾಯಿತೆಂದು ಕೇಳಿದರೆ ಅಕ್ಕ ಮಾತು ಬದಲಿಸುತ್ತಾಳೆ.) ಯಾರಾದರೂ ಆಕ್ಷೇಪಿಸಿದರೆ ಭಾವ ಕಾರಂತರನ್ನು ಮುಂದೆ ತರುತ್ತಾರೆ. 1902ರಲ್ಲಿ ಇದೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾದಂಬರಿ ಬರೆದರು, ಯಕ್ಷಗಾನಕ್ಕೆ ಕೈಹಾಕಿದರು, ಮಕ್ಕಳಿಗೆಂದು ಮೂರು ಸಂಪುಟದ 'ಬಾಲಪ್ರಪಂಚ'ವನ್ನೂ ಮಾಡಿದರು. "ಅವ್ರ್ ಯಾರ್ ಹತ್ರ ಕೇಂಡ್ರ್? ನಾನ್ ಒಂದ್ ಲ್ಯಾಪ್‌ಟಾಪ್ ಬಿಚ್ಚುಕಾಗ್ದಾ?"

ಸರ್ಕಾರವೂ ತನ್ನ ಪರ ಎಂದು ಅವರ ನಂಬಿಕೆ. 2018ರಲ್ಲಿ ಕುಂದಾಪುರ ತಾಲೂಕನ್ನು ಬಿಚ್ಚಿ ಬೈಂದೂರನ್ನೂ, ಉಡುಪಿಯನ್ನು ಬಿಚ್ಚಿ ಬ್ರಹ್ಮಾವರವನ್ನೂ ಬೇರೆ ತೆಗೆದಿಟ್ಟಾಗ ಭಾವ ಬಹಳ ಮೆಚ್ಚಿಕೊಂಡಿದ್ದರು.

ಈ ಸಲದ ಆಸಾಡಿ. ಮೇಳಗಳು ಗೆಜ್ಜೆ ಬಿಚ್ಚಿಟ್ಟ ಕಾಲ. ಆಟವಿಲ್ಲ, ಮದುವೆ ಮುಂಜಿಯಿಲ್ಲ, ಅಂಗಳಕ್ಕೆ ಇಳಿಯಲಾಗದಂಥ ಮಳೆ. ಹತ್ತು ದಿನ ಕೈ ಕಟ್ಟಿ ಕೂತಿದ್ದ ಭಾವನ ಕಿವಿಗೆ ಒಂದು ಮಧ್ಯಾಹ್ನ ಮಗನ ಲ್ಯಾಪ್‌ಟಾಪಿನಿಂದ 'ಸೊಂಯ್' ಎಂಬ ಶಬ್ದ ಬಿತ್ತು. ಮಾಣಿ ಬೆಂಗಳೂರಿನ ಕಂಪನಿಯವ, ಮನೆಯಿಂದಲೇ ಕೆಲಸ. ಅವನು ಉಂಡು ಕೈ ತೊಳೆದು ಬರುವುದರೊಳಗೆ ಅಪ್ಪಯ್ಯನ ನೀಲಿ ಡಬ್ಬಿ ಹೊರಬಂದಿತ್ತು.

ಈ ಡಬ್ಬಿ ಒಮ್ಮೆ ದುಬಾಯಿಯಿಂದ ಕುಕ್ಕೀಸ್ ತುಂಬಿಕೊಂಡು ಬಂದದ್ದು. ಈಗ ಅದರೊಳಗೆ ಟೆಸ್ಟರ್, ಎಂ‌ಸೀಲ್, ಕಪ್ಪು ಟೇಪು, ಕಿವಿ ಹೋದ ಸ್ವಿಚ್ಚು, ಗಾಳದ ದಾರ, ಮತ್ತು ತಳದಲ್ಲಿ ಒಂದು ಹಿಡಿ ಸ್ಕ್ರೂ. ಪ್ರತಿ ರಿಪೇರಿಯಲ್ಲೂ ಎರಡು ಮೂರು ಮಿಗುವುದರಿಂದ ಆ ಹಿಡಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. "ಕಂಪನಿಯವ್ರ್ ಸುಮ್ನೆ ಹೆಚ್ಚ್ ಹಾಕ್ತ್ರ್" ಎಂದು ಅದಕ್ಕೆ ಸಮಾಧಾನ. ಆ ಬೆಳಿಗ್ಗೆಯಷ್ಟೇ ಅಕ್ಕನ ಮಿಕ್ಸಿ ಅದೇ ಪೇಪರಿನ ಮೇಲೆ ಮಲಗಿ ಎದ್ದಿತ್ತು.

ಫ್ಯಾನಿನ ಧೂಳು ತೆಗೆಯುವುದಷ್ಟೇ ಉದ್ದೇಶ. ಆದರೆ ಫ್ಯಾನಿಗೆ ಅಡ್ಡ ಬಂದ ವಯರುಗಳನ್ನೆಲ್ಲ ಬಿಡಿಸಿದರು, ಬಿಡಿಸಿದ ಮೇಲೆ ಇನ್ನೇನಿದೆ ಎಂದು ರ‍್ಯಾಮನ್ನೂ ಎಬ್ಬಿಸಿದರು. ಧೂಳು ಹೋಯಿತು, ನಿಜ. ಮುಚ್ಚಿ ಬಟನ್ ಒತ್ತಿದಾಗ ಫ್ಯಾನು ಮೆಲ್ಲಗೆ ತಿರುಗಿತು, ಕ್ಯಾಪ್ಸ್ ಲಾಕ್ ದೀಪ ಹೊತ್ತಿ ಆರಿತು, ಶುರುವಾಗುವ ಸಂಗೀತವೂ ಬಂತು. ಪರದೆ ಮಾತ್ರ ಅಮಾಸೆ.

ಭಾವ ಎದೆಗುಂದಲಿಲ್ಲ. "ಹೆದ್ರುಕಾಗ. ಚೆಂಡೆ ಕೇಂತಿತ್ತಲ್ದಾ? ವೇಷ ತೆರೆ ಹಿಂದೆ ಇತ್ತ್. ಈಗ ಬತ್ತ್."

ವೇಷ ಬರಲಿಲ್ಲ. ಚಾರ್ಜರ್ ಕಿತ್ತು, ಬ್ಯಾಟರಿಯ ನಂಟು ಬಿಡಿಸಿ, ಬಟನ್ನನ್ನು 30 ಸೆಕೆಂಡು ಅದುಮಿ ಹಿಡಿದರು. ಒಳಗೆ ಉಳಿದ ಕರೆಂಟು ಇಳಿಯಲಿ ಎಂದು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದೇ ಅದು. ಭಾವನಿಗೆ ಏನೂ ತಿಳಿಯದು ಎಂದು ನಾನು ಹೇಳುವುದಿಲ್ಲ. ಅವರಿಗೆ ಎಲ್ಲ ತಿಳಿದಿದೆ, ಆದರೆ ಬಿಚ್ಚಿದ ಮೇಲೆ. ಆಮೇಲೆ ಪಕ್ಕದ ಮನೆ ಹುಡುಗಿಯ ಕಂಪಾಸ್ ಬಾಕ್ಸಿನಿಂದ ರಬ್ಬರ್ ತರಿಸಿ ರ‍್ಯಾಮಿನ ಹಲ್ಲು ತಿಕ್ಕಿದರು. ಕಡಲ ಗಾಳಿಗೆ ನಮ್ಮಲ್ಲಿ ಯಾವ ಲೋಹವೂ ಮಾಸದೆ ಉಳಿಯುವುದಿಲ್ಲ, ತಿಕ್ಕಿದ್ದು ತಪ್ಪಲ್ಲ. ಆ ಹಲ್ಲಿಗೆ ಚಿನ್ನದ ಲೇಪ ಎಂದು ಮಾಣಿ ಹೇಳಿದಾಗ ಅಕ್ಕ ಮೊದಲ ಬಾರಿಗೆ ಬಗ್ಗಿ ನೋಡಿದಳು. ಅದೂ ಫಲಿಸದೆ, ಬೈಂದೂರಿನ ಷಡ್ಡಕನ ಹಳೇ ಲ್ಯಾಪ್‌ಟಾಪಿನ ರ‍್ಯಾಮ್ ಬಸ್ಸಿನಲ್ಲಿ ಬಂತು. ಅದು ಡಿಡಿಆರ್3, 204 ಪಿನ್ನಿನದು. ಇದು ಡಿಡಿಆರ್4, 260 ಪಿನ್ನಿನದು. ಕಚ್ಚು ಬೇರೆ ಜಾಗದಲ್ಲಿ. ಕೂರಲಿಲ್ಲ. ಭಾವ ಎದ್ದು ಅರ ಹುಡುಕಲು ಹೋದಾಗ ಅಕ್ಕ ಅದನ್ನು ಕೊಚ್ಚಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಳು.

ಕೊನೆಗೆ ಮಾಣಿಯೇ ಎಚ್‌ಡಿಎಂಐ ವಯರಿನಿಂದ ಲ್ಯಾಪ್‌ಟಾಪನ್ನು ಚಾವಡಿಯ ಟಿವಿಗೆ ಸೇರಿಸಿದ. ಟಿವಿಯಲ್ಲಿ ಚಿತ್ರ ಝಗ್ಗೆಂದು ಬಂತು. ಎಂದರೆ ಜೀವಕ್ಕೆ ತೊಂದರೆಯಿಲ್ಲ, ಪರದೆಗೆ ಹೋಗುವ ದಾರಿಯಲ್ಲೇ ಎಲ್ಲೋ ಕೆಟ್ಟಿದೆ. ಭಾವ ಮಾತ್ರ ಬೇರೆ ಅರ್ಥ ಮಾಡಿಕೊಂಡರು: "ಸಮ ಆಯ್ತ್! ಮೊದಲಿಂದ್ ಹದ್ನೈದ್ ಇಂಚ್, ಈಗ ಕಾಣಿ, ನಲ್ವತ್ಮೂರ್!"

ಮುಂದಿನ ನಾಲ್ಕು ದಿನ ಆ ಚಾವಡಿ ಕಂಪನಿಯ ಶಾಖೆಯಾಯಿತು. ಅಕ್ಕನ ಧಾರಾವಾಹಿ ನಿಂತಿತು. ಬೆಳಿಗ್ಗೆ ಹತ್ತಕ್ಕೆ ಟಿವಿ ತುಂಬ ಎಂಟು ಜನರ ಮುಖ. ಮಾಣಿ ಟೀಪಾಯಿಯ ಮೇಲೆ ಮೊಬೈಲಿಟ್ಟು ಅದರಲ್ಲಿ ಮಾತಾಡಬೇಕು, ಏಕೆಂದರೆ ಲ್ಯಾಪ್‌ಟಾಪಿನ ಮೈಕೂ ಸತ್ತಿತ್ತು, ಕ್ಯಾಮರಾವೂ ಸತ್ತಿತ್ತು. ಹಲಸಿನಕಾಯಿ ಹಪ್ಪಳ ಒತ್ತುತ್ತಾ ಕೂತಿದ್ದ ಅಕ್ಕನ ಅತ್ತೆಗೆ ಮಾತ್ರ ಟಿವಿಯಲ್ಲಿದ್ದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆಂದು ಖಾತ್ರಿ. ಮೊದಲ ದಿನ ಸೆರಗು ಸರಿಮಾಡಿಕೊಂಡರು. ಎರಡನೆಯ ದಿನ ಮ್ಯಾನೇಜರು ಕೆಮ್ಮಿದಾಗ ಮೊಬೈಲಿನ ಹತ್ತಿರ ಸರಿದು, "ಹ್ವಾಯ್, ಆಸ್ರಿಗೆ ಎಂತಾರೂ ಕುಡಿನಿ. ಗಂಟಲ್ ಒಣಗಿತ್" ಎಂದರು. ಮ್ಯಾನೇಜರು ಕನ್ನಡದವರಲ್ಲ. ಮಾಣಿ ಅದನ್ನು ಯಾವ ಇಂಗ್ಲಿಷಿನಲ್ಲಿ ವಿವರಿಸಿದನೋ, ಮೂರನೆಯ ದಿನದಿಂದ ಅವರೇ ಮೊದಲು ಅಜ್ಜಿಯನ್ನು ವಿಚಾರಿಸತೊಡಗಿದರು.

ನಾಲ್ಕನೆಯ ರಾತ್ರಿ ಅಕ್ಕ ನನಗೆ ಫೋನ್ ಮಾಡಿದಳು. ಒಂದೇ ಮಾತು: "ನೀ ಬಾ. ಇಲ್ದಿರೆ ನಾ ಅಲ್ಲಿಗೆ ಬತ್ತೆ."

ನಾನು ಹೋಗಿ ಭಾವನನ್ನೂ ಲ್ಯಾಪ್‌ಟಾಪನ್ನೂ ಕಾರಿಗೆ ಹತ್ತಿಸಿದೆ. ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರದ ರಿಪೇರಿ ಅಂಗಡಿಯ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಲ್ಯಾಪ್‌ಟಾಪನ್ನು ಮಗುಚಿ, ಕೈ ಊರುವ ಜಾಗದಲ್ಲಿ ಎದ್ದ ಒಂದು ಸಣ್ಣ ಗುಳ್ಳೆಯ ಮೇಲೆ ಬೆರಳಾಡಿಸಿದ. ಹಿಂಬದಿಯ ಉದ್ದ ಸ್ಕ್ರೂವನ್ನು ಮುಂಬದಿಗೆ ತಿರುಪಿದ ಗುರುತು ಅದು. (ಮನೆಯಲ್ಲಿ ಭಾವ, "ಬಿಸಿಗೆ ಉಬ್ಬಿದ್ದ್" ಎಂದಿದ್ದರು.)

"ಯಾರ್ ಬಿಚ್ಚಿದ್ದ್?"

"ಯಾರೂ ಬಿಚ್ಚಲಿಲ್ಲ" ಎಂದರು ಭಾವ. ಅವರ ಅಂಗಿ ಜೇಬಿನಲ್ಲಿ ಟೆಸ್ಟರ್ ಇತ್ತು.

ನಾನು ರಸ್ತೆ ನೋಡಿದೆ. ಮೇಲೆ ಫ್ಲೈಓವರು, ಅದೂ ವರ್ಷಗಟ್ಟಲೆ ಬಿಚ್ಚಿಟ್ಟ ಹಾಗೇ ನಿಂತಿದ್ದು ಊರಿಗೆಲ್ಲ ನೆನಪಿದೆ.

ಹುಡುಗ ಮತ್ತೇನೂ ಕೇಳಲಿಲ್ಲ. "ಕ್ಯಾಮರಾನೂ ಬತ್ತಿಲ್ಯಾ? ಹಂಗಾರೆ ಕೇಬಲ್ಲೇ. ಎರಡೂ ಒಂದ್ರಲ್ಲೇ ಹೋಪ್ದ್." ಹಿಂಬದಿ ತೆರೆದ. ಪರದೆಯ ಕೇಬಲ್ ಜಾಗಕ್ಕೆ ಅರ್ಧ ಮಾತ್ರ ಹೋಗಿ, ಜಾತ್ರೆಯಲ್ಲಿ ಬೆಂಚಿನ ತುದಿಗೆ ಕೂತವನ ಹಾಗೆ ಓರೆಯಾಗಿ ನಿಂತಿತ್ತು. ಬ್ಯಾಟರಿ ಬಿಡಿಸಿ, ಕೇಬಲನ್ನು ಎಳೆದು, ನೇರ ಕೂರಿಸಿ, ಅದರ ಮೇಲಿನ ಕೂದಲೆಳೆಯಂಥ ತಂತಿಯ ಚಿಲಕವನ್ನು ಉಗುರಿನಿಂದ ಮಗುಚಿದ. ಎರಡು ನಿಮಿಷ. ಪರದೆ ಬೆಳಗಿತು. 300 ರೂಪಾಯಿ.

"ಅದೇ ನಾನೂ ಹೇಳದ್ದ್, ಕೇಬಲ್ ಅಂದೇಳಿ" ಎಂದರು ಭಾವ. ಯಾರಿಗೆ ಯಾವಾಗ ಹೇಳಿದ್ದೆಂದು ನಾನು ಕೇಳಲಿಲ್ಲ. ಭಾವ ಅಲ್ಲವೇ!

ಸ್ಕ್ರೂ ಹಾಕುವಾಗ ಹುಡುಗ ಎಣಿಸಿದ. ತೂತು ಹನ್ನೊಂದು. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂಬತ್ತು. ಭಾವ ಮೆಲ್ಲಗೆ ಪ್ಯಾಂಟಿನ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೌಂಟರಿನ ಮೇಲಿಟ್ಟರು. ಅದರಲ್ಲಿ ಮೂರಿದ್ದವು. ಹುಡುಗ ಎರಡನ್ನು ತಿರುಪಿ, ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿ, "ಇದ್ ಇದ್ರದ್ದಲ್ಲ. ಭಾರೀ ದೊಡ್ಡ್ ಇತ್ತ್" ಎಂದು ಮರಳಿ ಕೊಟ್ಟ.

ವಾಪಸು ಬರುವಾಗ ಭಾವ ಮಾತಾಡಲಿಲ್ಲ. ಆ ಸ್ಕ್ರೂವನ್ನು ಅಂಗೈಯಲ್ಲಿ ಉರುಳಿಸುತ್ತಾ ಕೂತಿದ್ದರು. ಕುಂಭಾಶಿ ಬಂದಾಗ ಆನೆಗುಡ್ಡೆ ಗಣಪತಿಗೆ ಕಾರಿನಿಂದಲೇ ಕೈ ಮುಗಿದರು, ಎಂದಿಗಿಂತ ತುಸು ಹೆಚ್ಚೇ ಹೊತ್ತು. ತೆಕ್ಕಟ್ಟೆ ದಾಟಿತು. ಕೋಟ ಬಂತು. ಅಂಗಳದಲ್ಲಿ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದವರು, ಜಗಲಿಯಲ್ಲಿ ಲ್ಯಾಪ್‌ಟಾಪಿಗೆ ಕಾದು ನಿಂತ ಮಗನನ್ನು ದಾಟಿ, ಅಡುಗೆಮನೆಯ ಕಡೆ ಕತ್ತು ಚಾಚಿ ಕೇಳಿದರು:

"ಹ್ವಾಯ್, ಮಿಕ್ಸಿ ಹಾಕ್ಲಿಲ್ಲ ಅಲ್ದಾ?"