ಜೇಕನಿಗೆ ಬಾಯಾರಿಕೆ, ನಮಗೆ ತ್ರೀಫೇಸ್

ನೀರಿನ ವಿಷಯದಲ್ಲಿ ಮೈನ್‌ಕ್ರಾಫ್ಟ್ ಮಾಡಿದವರಷ್ಟು ಧಾರಾಳಿಗಳನ್ನು ನಾನು ಕಂಡಿಲ್ಲ. ಸ್ವೀಡನ್ನಿನ ಮೊಜಾಂಗ್ ಕಂಪೆನಿ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಆ ಆಟದಲ್ಲಿ ಎರಡು ಚೌಕ ಉದ್ದ, ಎರಡು ಚೌಕ ಅಗಲದ ಹೊಂಡ ತೆಗೆದು, ಎದುರುಬದುರಿನ ಮೂಲೆಗಳಿಗೆ ಒಂದೊಂದು ಬಕೆಟ್ ನೀರು ಹೊಯ್ದರೆ ಆಯಿತು. ಮತ್ತೆ ಆ ಹೊಂಡ ಬತ್ತುವ ಪ್ರಶ್ನೆಯೇ ಇಲ್ಲ. ಎಷ್ಟು ಮೊಗೆದರೂ ಅಷ್ಟೇ ಉಂಟು. ಗದ್ದೆಯ ನಡುವೆ ಒಂದು ಚೌಕ ನೀರಿದ್ದರೆ ಸುತ್ತ ನಾಲ್ಕು ಚೌಕ ದೂರದ ತನಕ ಮಣ್ಣು ತಾನಾಗಿ ಒದ್ದೆ. ಪಂಪು ಬೇಡ, ಪೈಪು ಬೇಡ. ಸಾಲದ್ದಕ್ಕೆ ಅಲ್ಲಿಯ ಮನುಷ್ಯನಿಗೆ ಹಸಿವೆ ಉಂಟು, ಬಾಯಾರಿಕೆ ಇಲ್ಲ. ಜೀವಮಾನವಿಡೀ ಒಂದು ಗುಟುಕು ನೀರು ಕುಡಿಯದೆ ಅರಮನೆ ಕಟ್ಟುತ್ತಾನೆ.

ಮಗ ಇದನ್ನೆಲ್ಲ ನನಗೆ ವಿವರಿಸಿದ್ದು ಏಪ್ರಿಲ್ ತಿಂಗಳಲ್ಲಿ, ಅರಂತೋಡಿನ ನಮ್ಮ ತೋಟದ ಕೆರೆಯಲ್ಲಿ ಕಪ್ಪೆಗಳು ಈಜು ಬಿಟ್ಟು ನಡೆದಾಡುವ ಸಮಯದಲ್ಲಿ. ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. "ಅಪ್ಪಾ, ನಿಮಗೆ ರಿಯಲಿಸ್ಟಿಕ್ ಆದದ್ದು ಬೇಕಾದರೆ ಬೇರೆ ಉಂಟು" ಎಂದು ಲ್ಯಾಪ್‌ಟಾಪಿಗೆ ಗ್ರೀನ್ ಹೆಲ್ ಹಾಕಿಕೊಟ್ಟ. ಪೋಲೆಂಡಿನ ಕ್ರೀಪಿ ಜಾರ್ ಎಂಬವರು 2019ರಲ್ಲಿ ತಂದ ಆಟ. ಜೇಕ್ ಹಿಗಿನ್ಸ್ ಎಂಬ ಮಾನವಶಾಸ್ತ್ರಜ್ಞ ಅಮೆಜಾನ್ ಕಾಡಿನಲ್ಲಿ ಒಬ್ಬನೇ ಸಿಕ್ಕಿಬಿದ್ದಿದ್ದಾನೆ. ಅವನ ಕೈಗಡಿಯಾರ ಒತ್ತಿದರೆ ಮೈಯಲ್ಲಿ ಪ್ರೊಟೀನ್ ಎಷ್ಟು, ಪಿಷ್ಟ ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಎಂದು ತೋರಿಸುತ್ತದೆ. ಕಂಡ ಹೊಂಡಕ್ಕೆ ಬಾಯಿ ಹಾಕಿದರೆ ಹೊಟ್ಟೆಯಲ್ಲಿ ಹುಳ. ತೆಂಗಿನಕಾಯಿ ಒಡೆದು, ಗೆರಟೆಯನ್ನು ಬಯಲಿನಲ್ಲಿಟ್ಟು ಮಳೆನೀರು ಹಿಡಿಯಬೇಕು. ಇಲ್ಲವಾದರೆ ಬೆಂಕಿಯಲ್ಲಿ ಕುದಿಸಬೇಕು. ಆಗಾಗ ಕೈಕಾಲು ತಿರುಗಿಸಿ ನೋಡಿ ಉಂಬಳ ಕೀಳಬೇಕು.

ಹೆಂಡತಿ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. "ಇದರಲ್ಲಿ ಆಟ ಎಂತ ಉಂಟು? ಜೂನ್ ಬಂದರೆ ನೀವು ತೋಟದಿಂದ ಬರುವುದು ಹೀಗೆಯೇ ಅಲ್ಲವಾ?"

ನಾನು ಆಟಕ್ಕೆ ಕೂರುವುದಕ್ಕೆ ಸಕಾರಣ ಉಂಟು. ನಮ್ಮಲ್ಲಿ ತ್ರೀಫೇಸ್ ಬರುವುದು ರಾತ್ರಿ, ರಾತ್ರಿಯಲ್ಲಿ ಎಷ್ಟು ಹೊತ್ತಿಗೆ ಎಂಬುದು ಅದರ ಇಷ್ಟ. ಬಂದಾಗ ಪಂಪು ಬಿಡಲು ಒಬ್ಬ ಎಚ್ಚರ ಇರಬೇಕು. ಹಾಗಾಗಿ ಮನೆಯವರೆಲ್ಲ ಮಲಗಿದ ಮೇಲೆ ನಾನು ಅಮೆಜಾನಿನಲ್ಲಿ ಗೆರಟೆ ಇಟ್ಟುಕೊಂಡು ಮಳೆಗೆ ಕಾಯುತ್ತೇನೆ, ಅರಂತೋಡಿನಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಕೆಂಪು ದೀಪಕ್ಕೆ ಕಾಯುತ್ತೇನೆ. ಎರಡು ಕಡೆಯೂ ನೀರು ನನ್ನ ಕೈಯಲ್ಲಿಲ್ಲ.

ನಮ್ಮ ಊರಿನ ಮಳೆಯ ಲೆಕ್ಕ ಕೇಳಿದರೆ ಆ ಪೋಲೆಂಡಿನವರು ನಗುತ್ತಾರೆ. ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಮಾಡಿನ ಮೇಲೆಯೇ ನಾಲ್ಕು ಲಕ್ಷ ಲೀಟರ್ ಬಿದ್ದು, ಅಂಗಳ ದಾಟಿ ತೋಡಿಗೆ, ತೋಡಿನಿಂದ ಪಯಸ್ವಿನಿಗೆ, ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯೆಂದು ಹೆಸರು ಬದಲಿಸಿಕೊಂಡು ಸಮುದ್ರಕ್ಕೆ. ಈ ಲೆಕ್ಕ ನನಗೆ ಬಾಯಿಪಾಠ. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆಯಲ್ಲಿ ಶ್ರೀಪಡ್ರೆಯವರು ಮಳೆಕೊಯ್ಲಿನ ಬಗ್ಗೆ ಬರೆದದ್ದನ್ನು ಅಡಿಗೆರೆ ಹಾಕಿ ಓದಿದವ ನಾನು. ಮದುವೆ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆ ಉಪದೇಶವನ್ನೂ ಮಾಡಿದ್ದೇನೆ. ಟ್ಯಾಂಕಿ ಮಾತ್ರ ಕಟ್ಟಿಸಿಲ್ಲ. ಜೂನಿನಲ್ಲಿ ಕಟ್ಟಿಸಲಿಕ್ಕೆ ಮಳೆ ಬಿಡುವುದಿಲ್ಲ, ಡಿಸೆಂಬರಿನಲ್ಲಿ ಅದರ ನೆನಪಾಗುವುದಿಲ್ಲ, ಏಪ್ರಿಲಿನಲ್ಲಿ ಸಿಮೆಂಟು ಕಲಸಲಿಕ್ಕೆ ನೀರಿಲ್ಲ.

ಗ್ರೀನ್ ಹೆಲ್ ಎಷ್ಟೇ ರಿಯಲಿಸ್ಟಿಕ್ ಇರಲಿ, ಅದನ್ನು ಮಾಡಿದವರಲ್ಲಿ ಒಬ್ಬರೂ ಪಂಪು ಸ್ಟಾರ್ಟ್ ಮಾಡಿದ ಹಾಗೆ ಕಾಣುವುದಿಲ್ಲ. ನಮ್ಮ ಪಂಪಿನ ಫುಟ್‌ವಾಲ್ವ್ ಸೋರುತ್ತದೆ. ಹಾಗಾಗಿ ಅದು ನೀರು ಕೊಡಬೇಕಾದರೆ ಮೊದಲು ಅದಕ್ಕೆ ನೀರು ಕೊಡಬೇಕು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಕೆರೆಯಿಂದ ಬಕೆಟಿನಲ್ಲಿ ಮೊಗೆದು ತಂದು, ಪಂಪಿನ ತಲೆಯ ನಟ್ಟು ಬಿಚ್ಚಿ ಚೆಂಬಿನಲ್ಲಿ ಹೊಯ್ಯುವುದು. ಗುಳುಗುಳು ಎನ್ನುತ್ತಾ ಕುಡಿಯುತ್ತದೆ. ಗುಳ್ಳೆ ನಿಂತ ಮೇಲೆ ನಟ್ಟು ಬಿಗಿದು, ಓಡಿ ಹೋಗಿ ಹಸುರು ಬಟನ್ ಒತ್ತಿದರೆ ಪೈಪಿನಲ್ಲಿ ಬರೀ ಗಾಳಿ. ಪುನಃ ನಟ್ಟು, ಪುನಃ ಬಕೆಟು. ಕಡೆಗೆ ನೀರು ಹತ್ತಿತು ಎನ್ನುವಾಗ ಒಂದು ಲೈನಿನ ಸ್ಪ್ರಿಂಕ್ಲರ್ ಜೆಟ್ಟುಗಳು ತಿರುಗುವುದಿಲ್ಲ. ಮೂತಿಯಲ್ಲಿ ಎಳ್ಳಿನಷ್ಟು ದೊಡ್ಡ ಮರಳು. ಅದಕ್ಕೆ ಹಿಡಿಸೂಡಿ ಕಡ್ಡಿಯೇ ಆಗಬೇಕು; ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಚುಚ್ಚಿದ ಕೂಡಲೇ ಬಿಡುಗಡೆಯಾದ ನೀರು ನೇರ ಬರುವುದು ಚುಚ್ಚಿದವನ ಮುಖಕ್ಕೆ. ಹೀಗೆ ತೊಯ್ದು ತೊಪ್ಪೆಯಾಗಿ ನಡುರಾತ್ರಿ ಅಂಗಳಕ್ಕೆ ಬಂದು ನಿಂತವನು ಬೆಳಿಗ್ಗೆ ಎದ್ದು ಮನೆಯವರಿಗೆ "ನೀರು ಜಾಗ್ರತೆ" ಎಂದರೆ ಯಾರು ಕೇಳುತ್ತಾರೆ?

ಅಡುಗೆಮನೆಯ ನೀರು ಬೇರೆ. ಅದು ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಕರೆಂಟಿನ ಹಂಗಿಲ್ಲ. ನಡುವೆ ಆನೆ ಕಾಲಿಡಬಾರದು, ಮುಳ್ಳುಹಂದಿ ಹಲ್ಲು ಹಾಕಬಾರದು, ಬಾಯಿಗೆ ಕಟ್ಟಿದ ಸೊಳ್ಳೆಪರದೆಯ ತುಂಡು ಜಾರಿ ಏಡಿ ಒಳಗೆ ಹೋಗಬಾರದು, ಅಷ್ಟೆ. ಜೇಕನ ಕಾಡಿನ ಪ್ರಾಣಿಗಳು ಜೇಕನನ್ನು ತಿನ್ನಲು ಬರುತ್ತವೆ. ನಮ್ಮವಕ್ಕೆ ನಾವು ಬೇಡ, ಪೈಪು ಸಾಕು.

ಬೇರೆ ಆಟಗಳನ್ನೂ ಮಗ ತೋರಿಸಿದ. ಸಬ್‌ನಾಟಿಕಾದಲ್ಲಿ ಸುತ್ತಲೂ ಸಮುದ್ರ. ಒಂದು ಜಾತಿಯ ಮೀನು ಹಿಡಿದು ಅದರಿಂದ ಕುಡಿಯುವ ನೀರು ತೆಗೆಯಬೇಕು. ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ ಕೈಮುಗಿದು ಬರುವ ಅಮ್ಮ ಅದನ್ನು ಮನೆಯೊಳಗೆ ಆಡಕೂಡದೆಂದರು. ಆರ್ಕ್ ಎಂಬುದರಲ್ಲಿ ನೀರು ತುಂಬಿಸಿಟ್ಟ ತೊಗಲಿನ ಚೀಲ ತಾನಾಗಿ ಸೋರಿ ಖಾಲಿಯಾಗುತ್ತದೆ. ಅದನ್ನು ಯೋಚಿಸಿದವನು ನಮ್ಮ ಮಾಳಿಗೆಯ ಟ್ಯಾಂಕಿ ನೋಡಿರಬೇಕು.

ಜೇಕನ ಕೈಗಡಿಯಾರದಂಥದ್ದೊಂದು ಮನೆಗೂ ಬೇಕೆಂದು ನನಗೆ ಹೊಳೆಯಿತು. ಹಳೆ ಕ್ಯಾಲೆಂಡರಿನ ಹಿಂಬದಿಗೆ ನಾಲ್ಕು ಕಾಲಂ ಎಳೆದು ಬಚ್ಚಲಿನ ಬಾಗಿಲಿಗೆ ಅಂಟಿಸಿದೆ. ಯಾರು ಎಷ್ಟು ನೀರು ಹೊಯ್ದುಕೊಂಡರೆಂದು ಅವರವರೇ ಬರೆಯತಕ್ಕದ್ದು. ಮಗನ ಕಾಲಂ ಖಾಲಿ. ಕೇಳಿದರೆ ಸ್ನಾನವೇ ಮಾಡಿಲ್ಲ, ಉಳಿತಾಯ ಎಂದ. ಅಮ್ಮ "ತಲೆಗೆ ಎಣ್ಣೆ ಹಾಕಿದ ದಿನದ್ದು ಲೆಕ್ಕ ಇಲ್ಲ" ಎಂದು ಬರೆಸಿದರು. ಇವಳು ಪೆನ್ನು ಹಿಡಿದು ನನ್ನನ್ನು ಕರೆದಳು.

"ಒಂದು ಅಡಿಕೆ ಮರದ ಬುಡಕ್ಕೆ ಒಂದು ಸಲಕ್ಕೆ ಎಷ್ಟು ನೀರು ಬೇಕು ಹೇಳಿದ್ರಿ?"

ವಿಟ್ಲದಲ್ಲಿ ಕೇಂದ್ರ ಇರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಶಿಫಾರಸು ನನಗೆ ನಿದ್ದೆಯಲ್ಲಿಯೂ ಗೊತ್ತು. "175 ಲೀಟರ್. ಮಾರ್ಚಿನಿಂದ ಮೇ ತನಕ ಮೂರರಿಂದ ಐದು ದಿನಕ್ಕೊಮ್ಮೆ."

"ನಮ್ಮದು ಸ್ನಾನಕ್ಕೆ ತಲಾ ಎರಡು ಬಕೆಟು. ಅಂದರೆ ನಲವತ್ತು ಲೀಟರ್. ನಾಲ್ಕು ಜನ ಸ್ನಾನ ಬಿಟ್ಟರೆ ನೂರ ಅರವತ್ತು. ಒಂದು ಮರಕ್ಕೇ ಹದಿನೈದು ಲೀಟರ್ ಕಮ್ಮಿ ಬೀಳ್ತದೆ ಮಾರಾಯ್ರೆ. ಉಳಿದ ಮರಗಳಿಗೆ ಯಾರ ಸ್ನಾನ ಬಿಡಿಸುವುದು? ಇಡೀ ಅರಂತೋಡಿನವರದ್ದಾ?"

ಕ್ಯಾಲೆಂಡರು ಈಗ ಗೋಧಿಹುಡಿ ಡಬ್ಬದ ಅಡಿಯಲ್ಲಿದೆ.

ನಿಜವಾಗಿ ಒಬ್ಬಂಟಿಯಾಗಿ ನೀರು ಹುಡುಕಿದವರು ಬೇಕಾದರೆ ಅಮೆಜಾನಿಗೆ ಹೋಗಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಮರ ಹತ್ತುವ ಕೂಲಿ ಮಾಡುತ್ತಾ, ತಮಗೆ ಸಿಕ್ಕಿದ ಬೋಳು ಗುಡ್ಡದಲ್ಲಿ ಕೆಲಸ ಮುಗಿಸಿ ಬಂದ ಮೇಲೆ ಒಬ್ಬರೇ ಸುರಂಗ ಕೊರೆದರು. ಒಂದಲ್ಲ, ಐದು ಸುರಂಗ ಬರಿದು. ಆರನೆಯದರಲ್ಲಿ ನೀರು ಸಿಕ್ಕಿತು, ಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಬಂತು. ಮೂರನೆಯದು ಬರಿದಾದಾಗ ಸೇವ್ ಮಾಡಿ ಮುಚ್ಚಿ ಮಲಗುವ ಸೌಕರ್ಯ ಅವರಿಗಿರಲಿಲ್ಲ. ಈ ಕಥೆಯನ್ನು ಒಂದು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆಲ್ಲ ರೋಮಾಂಚನವಾಗುವಂತೆ ಹೇಳಿದೆ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಚಹಾದ ಗ್ಲಾಸಿನ ಪಕ್ಕ ಪಿಕ್ಕಾಸು ಇತ್ತು. ನಾನು ಚಹಾ ಕುಡಿದೆ.

ಆಟದಲ್ಲಿ ನನಗೆ ಹೊಟ್ಟೆಕಿಚ್ಚು ಬರುವುದು ಒಂದೇ ಕಾರಣಕ್ಕೆ: ಜೇಕನಿಗೆ ಮೇಲಿನ ಮನೆ ಇಲ್ಲ, ಕೆಳಗಿನ ಮನೆ ಇಲ್ಲ. ನಮ್ಮ ತೋಡಿಗೆ ಮೇಲಿನವರು ಕಟ್ಟ ಹಾಕಿದರೆ ನಮಗೆ ನೀರು ಕಮ್ಮಿ, ನಾವು ಹಾಕಿದರೆ ಕೆಳಗಿನವರಿಗೆ ಕಮ್ಮಿ. ಹಲವರು ಸೇರಿ ಆಡುವ ಆಟಗಳಲ್ಲಿ ಇಂಥದ್ದಕ್ಕೆ ಬಂದೂಕು ಉಂಟಂತೆ. ಇಲ್ಲಿ ಆಗುವುದಿಲ್ಲ. ಮೇಲಿನ ಮನೆಯ ಯಜಮಾನರಿಗೆ ಬೆಳಿಗ್ಗೆ ತೋಡಿನ ಬದಿಯಲ್ಲಿ ಜೋರು ಮಾಡಿ ಬಂದರೆ, ಸಂಜೆ ಅವರೇ ಮಗಳ ಮದುವೆ ಕಾಗದ ಹಿಡಿದು ಜಗಲಿಗೆ ಬಂದಿರುತ್ತಾರೆ. ಆಗ ನಾವು ಬೆಲ್ಲ ಮತ್ತು ನೀರು ಕೊಡಬೇಕು, ಅದೂ ಅವರು ಬಿಟ್ಟು ಉಳಿದ ನೀರನ್ನು.

ಬಂದವರ ಬಾಯಾರಿಕೆಗೆ, ನಮ್ಮ ಮಾತಿನಲ್ಲಿ ಆಸರಿಗೆ, ಕೊಡುವ ಬೆಲ್ಲ ನೀರಿನ ವಿಷಯ ಬಂದದ್ದು ಒಳ್ಳೆಯದಾಯಿತು; ಅಲ್ಲಿಂದ ಅಮ್ಮನ ಕಡೆಗೆ ಬರಬಹುದು. ಅಮ್ಮನಿಗೆ ನಿದ್ದೆ ಕಮ್ಮಿ. ಒಂದು ರಾತ್ರಿ ಎದ್ದು ಬಂದು ನನ್ನ ಪಕ್ಕ ಕುರ್ಚಿ ಎಳೆದು ಕೂತರು. ಜೇಕನ ಪೂರ್ವೋತ್ತರ ಕೇಳಿದರು. ಹೆಂಡತಿ ಜತೆಯಲ್ಲಿಲ್ಲ ಎಂದು ತಿಳಿದು ತಲೆಯಾಡಿಸಿದರು. ಅವನು ಹೊಂಡದ ನೀರಿಗೆ ಬಗ್ಗಿದ್ದೇ ತಡ, "ಕುದಿಸಿ ಕುಡಿಯಲಿಕ್ಕೆ ಹೇಳು ಮಗಾ ಅವನಿಗೆ" ಎಂದರು. ನಾನು ಇಟ್ಟ ಒಂದೇ ಗೆರಟೆ ನೋಡಿ ಅವರಿಗೆ ನಾಚಿಕೆಯಾಯಿತು. ಮಳೆ ಬರುವಾಗ ಮಾಡಿನ ಕೆಳಗೆ ಮನೆಯಲ್ಲಿದ್ದ ಹಂಡೆ, ಕೊಡಪಾನ, ಬಾಲ್ದಿಯೆಲ್ಲ ಸಾಲಾಗಿ ಇಡುವುದಲ್ಲವಾ? ಅವರ ಅಪ್ಪಣೆಯಂತೆ ಜೇಕ್ ಹತ್ತಾರು ಗೆರಟೆ ಒಡೆದು ಸಾಲಾಗಿ ಇಟ್ಟ.

"ಅಲ್ಲಿಗೆ ಪತ್ತನಾಜೆ ಯಾವಾಗ?" ಪತ್ತನಾಜೆ ಬಂದರೆ ಮಳೆಗಾಲ ಬಂತೆಂಬುದು ಅಮ್ಮನ ಲೆಕ್ಕ.

"ಅಲ್ಲಿ ಪತ್ತನಾಜೆ ಇಲ್ಲಮ್ಮ."

"ಮತ್ತೆ ಮಳೆ ಯಾರು ಹೇಳಿ ಬರುವುದು?"

ಆಮೇಲೆ ಅದು ನಿತ್ಯದ ಕ್ರಮವಾಯಿತು. ಲ್ಯಾಪ್‌ಟಾಪು ಮುಚ್ಚಲು ಹೊರಟರೆ "ಅವನ ಆಸರಿಗೆ ಆಯ್ತಾ?" ಎಂದು ವಿಚಾರಣೆ. ನನ್ನದು ಆಯಿತಾ ಎಂದು ಯಾರೂ ಕೇಳಲಿಲ್ಲ. ಮೊನ್ನೆ ಜೇಕನ ನೀರಿನ ಗೀಟು ತಳಕ್ಕೆ ಇಳಿದಿತ್ತು, ಗೆರಟೆಗಳು ಒಣಗಿದ್ದವು, ಅಷ್ಟರಲ್ಲಿ ನಮ್ಮ ಸ್ಟಾರ್ಟರಿನ ಕೆಂಪು ದೀಪ ಹತ್ತಿತು.

"ನೀನು ಹೋಗಿ ಪಂಪು ಬಿಟ್ಟು ಬಾ. ಹುಡುಗನನ್ನು ನಾನು ನೋಡಿಕೊಳ್ತೇನೆ."

ನಟ್ಟು, ಬಕೆಟು, ಗುಳುಗುಳು, ಹಿಡಿಸೂಡಿ ಕಡ್ಡಿ ಎಲ್ಲ ಮುಗಿಸಿ ಒದ್ದೆ ಲುಂಗಿಯಲ್ಲಿ ಬಂದು ನೋಡಿದರೆ ಜೇಕ್ ಹೊಳೆಯ ನಡುವೆ ಕುತ್ತಿಗೆ ತನಕ ನೀರಿನಲ್ಲಿದ್ದ. ಅಮ್ಮನ ತೋರುಬೆರಳು ಮುಂದಕ್ಕೆ ನಡೆಸುವ ಬಟನ್ನಿನ ಮೇಲೆ ಗಟ್ಟಿಯಾಗಿ ಕೂತಿತ್ತು.

"ಹತ್ತಿರವೇ ಹೊಳೆ ಉಂಟು, ನೀನು ಆ ಗೆರಟೆಯಲ್ಲಿ ಹಿಡಿಯುತ್ತಾ ಕೂತಿದ್ದಿ. ಬೇಕಾದಷ್ಟು ಕುಡಿಯಲಿ ಅಂತ ಇಳಿಸಿದೆ" ಎಂದರು.