ದಗಲೆ ಸಂಗ್ರಾಹಕ

ಯಕ್ಷಗಾನದ ವೇಷಧಾರಿ ತೊಟ್ಟು ಬಿಟ್ಟ ಉದ್ದ ತೋಳಿನ ಅಂಗಿಯನ್ನು, ಅಂದರೆ ದಗಲೆಯನ್ನು, ಬೇಡಿಯೋ ಕಾಡಿಯೋ ಗಳಿಸಿ ಮನೆಯ ಅಟ್ಟದಲ್ಲಿ ಕಾಪಿಡುವವನೇ ದಗಲೆ ಸಂಗ್ರಾಹಕ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ, ಅದರಲ್ಲೂ ಹೆಗ್ಗರಣೆ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಇವನು ಕಾಣಸಿಗುತ್ತಾನೆ. ಐವತ್ತು ದಾಟಿದ ವಯಸ್ಸು, ಬಾಯಲ್ಲಿ ಕವಳ, ಹೆಗಲ ಮೇಲೊಂದು ಟವೆಲು, ಕಿಸೆಯಲ್ಲಿ ಮುಂದಿನ ಆಟದ ಹ್ಯಾಂಡ್‌ಬಿಲ್ಲು, ಇಷ್ಟು ಹೊರಗುರುತು. ಇವನು ಕುಣಿಯುವವನಲ್ಲ. ಸಣ್ಣಂದಿನಲ್ಲಿ ಒಮ್ಮೆ ಬಾಲಗೋಪಾಲ ವೇಷ ಕಟ್ಟಿ, ಎರಡನೇ ಸುತ್ತಿಗೇ ನಿದ್ದೆ ಬಂದು ರಂಗಸ್ಥಳದಲ್ಲೇ ಕೂತದ್ದು ಊರಿಗೆಲ್ಲ ನೆನಪಿದೆ. ಅವನೊಬ್ಬನಿಗೆ ಮರೆತಿದೆ.

ಹೊರಜಗತ್ತಿನಲ್ಲಿ ಇದೇ ಹವ್ಯಾಸಕ್ಕೆ ಭಾರೀ ಮರ್ಯಾದೆ. ಬ್ರೆಜಿಲ್ಲಿನ ಬಂದರು ಪಟ್ಟಣ ಸ್ಯಾಂಟೋಸ್‌ನಲ್ಲಿ 1912ರಲ್ಲಿ ಹುಟ್ಟಿದ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಬಿಳಿ ಜೆರ್ಸಿ ಸಿಕ್ಕರೆ ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುತ್ತಾರೆ. ಪೆಲೆ 1956ರಿಂದ 1974ರವರೆಗೆ ಆಡಿದ್ದು ಆ ಕ್ಲಬ್ಬಿಗೆ. ಅವರು 1970ರ ವಿಶ್ವಕಪ್ ಫೈನಲ್ಲಿನಲ್ಲಿ ತೊಟ್ಟಿದ್ದ ದೇಶದ ಹಳದಿ ಅಂಗಿ, ಪಂದ್ಯ ಮುಗಿದ ಮೇಲೆ ಇಟಲಿಯ ಆಟಗಾರ ರೊಸಾಟೊ ಅವರ ಕೈಸೇರಿ, 2002ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1,57,750 ಪೌಂಡಿಗೆ ಹೋಯಿತು. ಇಂಥ ಅಂಗಿಯನ್ನು ತೊಳೆಯಬಾರದೆಂದೂ ಬೆವರು, ಕೆಸರು, ಹುಲ್ಲಿನ ಕಲೆ ಇದ್ದಷ್ಟೂ ಸಾಕ್ಷಿ ಗಟ್ಟಿಯೆಂದೂ ಬಲ್ಲವರು ಹೇಳುತ್ತಾರೆ. ಹೆಗ್ಗರಣೆಯ ಸಂಗ್ರಾಹಕನಿಗೆ ಈ ಸುದ್ದಿ ಮುಟ್ಟಿಸುವವನು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿಯ ಮಗ. ಹಲಸೂರಿನ ಹತ್ತಿರ ಗೌತಮಪುರವೆಂಬ ಕೇರಿಯಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ ಎಂಬುದನ್ನೂ ಅವನೇ ಹೇಳಿರುತ್ತಾನೆ. ಅಲ್ಲಿಂದಾಚೆ ಸಂಗ್ರಾಹಕ ತನ್ನ ಅಟ್ಟವನ್ನು ಪೌಂಡಿನ ಲೆಕ್ಕದಲ್ಲಿ ನೋಡತೊಡಗುತ್ತಾನೆ.

ಆದರೆ ಫುಟ್‌ಬಾಲಿನವರಿಗಿರುವ ಅನುಕೂಲ ಇವನಿಗಿಲ್ಲ. ಜೆರ್ಸಿಯ ಬೆನ್ನಿಗೆ ನಂಬರಿದೆ. ದಗಲೆಗೆ ನಂಬರಿಲ್ಲ, ಹೆಸರಿಲ್ಲ, ಬಹುತೇಕ ಅದು ವೇಷಧಾರಿಯದ್ದೂ ಅಲ್ಲ, ಮೇಳದ್ದು. ರಾತ್ರಿ ಪೆಟ್ಟಿಗೆಯಿಂದ ಹೊರಬಂದದ್ದು ಬೆಳಗಿನ ಜಾವ ಅದೇ ಪೆಟ್ಟಿಗೆಗೆ ಹೋಗುತ್ತದೆ. ನಿನ್ನೆ ಅರ್ಜುನನ ಮೈಮೇಲಿದ್ದದ್ದು ಇಂದು ಸುಧನ್ವನಿಗೆ, ನಾಳೆ ಅಳತೆ ಹೊಂದಿದ ಇನ್ಯಾರಿಗೋ. ಅದರ ಮೇಲೆ ಎದೆಕಟ್ಟು, ಭುಜಕೀರ್ತಿ, ತೋಳ್ಬಾಪುರಿ, ಡಾಬು ಎಲ್ಲ ಹೇರಿದ ಮೇಲೆ ಪ್ರೇಕ್ಷಕನಿಗೆ ಕಾಣುವುದು ಒಂದಿಷ್ಟು ತೋಳು, ಒಂದಿಷ್ಟು ಬೆನ್ನು. ಹರಿದರೆ ಹೊಲಿಯುತ್ತಾರೆ, ಮತ್ತೂ ಹರಿದರೆ ತೇಪೆ ಹಾಕುತ್ತಾರೆ, ಅದಕ್ಕೂ ಬಗ್ಗದಿದ್ದರೆ ಬಣ್ಣ ಒರೆಸಲು ಇಟ್ಟುಕೊಳ್ಳುತ್ತಾರೆ. ಮೇಳದ ಲೆಕ್ಕದಲ್ಲಿ ಹೊಸ ದಗಲೆ ಉಂಟು, ಹಳೇ ದಗಲೆ ಉಂಟು, ಮಸಿಬಟ್ಟೆ ಉಂಟು. ಐತಿಹಾಸಿಕ ದಗಲೆ ಎಂಬ ಬಾಬತ್ತೇ ಇಲ್ಲ. ಸ್ವಂತ ವೇಷ ಇಟ್ಟುಕೊಂಡ ಹಿರಿಯ ಕಲಾವಿದರು ಇಲ್ಲವೆಂದಲ್ಲ, ಅವರು ಕೊಡುವುದಿಲ್ಲ.

ಹೀಗಾಗಿ ಬಟ್ಟೆ ಮೇಳದಿಂದ ಬಂದರೂ ಇತಿಹಾಸ ಒದಗಿಸುವ ಹೊಣೆ ಸಂಗ್ರಾಹಕನದೇ ಆಗುತ್ತದೆ. ಅದನ್ನು ಅವನು ತುಂಬು ಮನಸ್ಸಿನಿಂದ ಹೊರುತ್ತಾನೆ. ಅವನ ತರ್ಕ ಹೀಗೆ ಸಾಗುತ್ತದೆ. ಕೊರಳಪಟ್ಟಿಯಲ್ಲಿ ಕೆಂಪು ಗುರುತಿದೆ, ಅದು ಇಂಗಳೀಕ, ಆದ್ದರಿಂದ ಮುಖಕ್ಕೆ ಬಣ್ಣ ಹಚ್ಚಿದವರೇ ತೊಟ್ಟದ್ದು. ಬಲ ಕಂಕುಳಿನ ಹೊಲಿಗೆ ಬಿಚ್ಚಿದೆ, ಆದ್ದರಿಂದ ಕೈ ಮೇಲೆತ್ತಿ ಕುಣಿದ ಪಾತ್ರ. ಕೈ ಮೇಲೆತ್ತಿ ತನ್ನ ತಲೆಯ ಮೇಲೆ ತಾನೇ ಇಟ್ಟುಕೊಳ್ಳುವವನು ಭಸ್ಮಾಸುರ. ಭಸ್ಮಾಸುರ ಎಂದರೆ ಚಿಟ್ಟಾಣಿ ರಾಮಚಂದ್ರ ಹೆಗಡೆ. ಇಷ್ಟಕ್ಕೆ ವಿಚಾರಣೆ ಮುಗಿದು ತೀರ್ಪು ಬರುತ್ತದೆ. ಈ ವಿಧಾನದಲ್ಲಿ ಒಂದೇ ಅಟ್ಟದಲ್ಲಿ ಚಿಟ್ಟಾಣಿಯವರ ಭಸ್ಮಾಸುರನ ದಗಲೆ ಮೂರು ಇರುವುದುಂಟು, ಮೂರೂ ಬೇರೆ ಬೇರೆ ಅಳತೆಯವು. ಅಳತೆಯ ಮಾತೆತ್ತಿದವನಿಗೆ ಉತ್ತರ ಸಿದ್ಧವಿರುತ್ತದೆ. ಅವರು ಹುಟ್ಟಿದ್ದು 1933ರಲ್ಲಿ, ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ಅಷ್ಟು ವರ್ಷ ಮನುಷ್ಯನ ಮೈ ಒಂದೇ ಹದದಲ್ಲಿರುತ್ತದೆಯೇ? ಪ್ರಶ್ನೆ ಕೇಳಿದವನೇ ಸಣ್ಣವನಾಗುತ್ತಾನೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, ಅದುವರೆಗೆ ಬರೀ ಹಳೇ ದಗಲೆಗಳಾಗಿದ್ದವು ಕೂಡ ಒಂದೇ ವಾರದಲ್ಲಿ ಚಿಟ್ಟಾಣಿಯವರ ದಗಲೆಗಳಾದವು.

ಸಂಗ್ರಹಕ್ಕೆ ದರ್ಜೆಗಳಿವೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಚೂರು ಬಟ್ಟೆಯಾದರೂ ಅದು ಟ್ರಂಕಿನ ತಳದಲ್ಲಿ, ಪಟ್ಟೆಮಡಿಯ ಪಕ್ಕದಲ್ಲಿ. ಸಾಲಿಗ್ರಾಮ, ಪೆರ್ಡೂರು ಮುಂತಾದ ಡೇರೆ ಮೇಳದವು ಅದರ ಮೇಲೆ. ಭಾಗವತ ಕಾಳಿಂಗ ನಾವಡರ ಪದ್ಯದ ಕ್ಯಾಸೆಟ್ಟುಗಳಿಗೆ ಬೇರೆಯೇ ಡಬ್ಬಿ. ಟೇಪ್‌ರೆಕಾರ್ಡರು ಕೆಟ್ಟು ಎಷ್ಟೋ ಕಾಲವಾಗಿರುತ್ತದೆ, ಆದರೂ ಕ್ಯಾಸೆಟ್ಟನ್ನು ಎರವಲು ಕೊಡುವುದಿಲ್ಲ. ತೀರಾ ಮೇಲಿನ ಪದರದಲ್ಲಿ ಸನ್ಮಾನದ ಶಾಲುಗಳು. ಹೆಸರಾದ ಕಲಾವಿದರಿಗೆ ವರ್ಷಕ್ಕೆ ಹೊದಿಸುವ ಶಾಲು ಅವರು ಹೊದೆಯುವುದಕ್ಕಿಂತ ಹೆಚ್ಚು. ಹಾಗಾಗಿ ಶಾಲು ಸುಲಭಕ್ಕೆ ಸಿಗುತ್ತದೆ, ಸುಲಭಕ್ಕೆ ಸಿಕ್ಕಿದ್ದನ್ನು ನೆಂಟರಿಗೆ ಹಾಸಲು ಕೊಡಬಹುದು.

ಬೇಟೆಯ ಜಾಗ ವೇಷ ಕಟ್ಟಿ ಬಿಚ್ಚುವ ಚೌಕಿ, ಹೊತ್ತು ನಡುರಾತ್ರಿ ಕಳೆದ ಮೇಲೆ. ಸಂಗ್ರಾಹಕ ಆಟ ನೋಡಲು ಮುಂದಿನ ಸಾಲಿನಲ್ಲಿ ಕೂತಂತೆ ಕಂಡರೂ ಅವನ ಕಣ್ಣು ಹೊಲಿಗೆಯ ಮೇಲಿರುತ್ತದೆ. ಪಾತ್ರ ಒಳಗೆ ಹೋದದ್ದೇ ತಡ, ಕವಳದ ಸಂಚಿ ಹಿಡಿದು ಚೌಕಿಯ ಬಾಗಿಲಲ್ಲಿ ಹಾಜರು. ಮೊದಲು ಪೆಟ್ಟಿಗೆಯವರಿಗೆ ಕವಳ, ಆಮೇಲೆ ಮಾತು. “ಹೆಗಡೇರೇ, ಈ ದಗಲೆ ಹಳೇದಾತು ಕಾಣ್ತು. ಬಿಸಾಡದಾದ್ರೆ ಯಂಗೆ ಕೊಡಿ.” ಕಲಾವಿದರು ಕಿರೀಟ ಬಿಚ್ಚುತ್ತ ಯಜಮಾನರನ್ನು ತೋರಿಸುತ್ತಾರೆ. ಯಜಮಾನರು ಇನ್ನೆರಡು ವರ್ಷ ಬರುತ್ತದೆ ಎನ್ನುತ್ತಾರೆ. ಇವನು ಎರಡು ವರ್ಷ ಕಾಯುತ್ತಾನೆ. ಈಗಿನ ಕಾಲಮಿತಿ ಆಟ ಅವನಿಗೆ ಹಿಡಿಸದು. ಅವನ ಅಸಮಾಧಾನಕ್ಕೆ ಕಲೆಯ ಕಾರಣವಿಲ್ಲ. ಮೂರು ಮೂರೂವರೆ ತಾಸಿನಲ್ಲಿ ದಗಲೆ ಎಷ್ಟು ಬೆವರೀತು ಎಂಬುದು ಅವನ ಚಿಂತೆ.

ಹಸ್ತಾಕ್ಷರದ ಕಷ್ಟ ಬೇರೆ. ಬಾಲ್‌ಪೆನ್ನು ಮಖಮಲ್ಲಿನ ಮೇಲೆ ಮೂಡುವುದಿಲ್ಲ, ಮಾರ್ಕರ್ ಪೆನ್ನು ಸ್ಯಾಟಿನ್ನಿನ ಮೇಲೆ ಹರಡುತ್ತದೆ. ಅದಕ್ಕೆ ಒಳಬದಿಯ ಅಸ್ತರಿನ ಮೇಲೆ ಸಹಿ ಹಾಕಿಸುವುದು ರೂಢಿ. ವೇಷ ಕಳಚುವ ಮುಂಚೆಯೇ ಆಗಬೇಕು ಎಂಬ ಹಟ ಬೇರೆ. ಕೆಲವರು ರುಜುವಿನ ಕೆಳಗೆ ‘ಕೌರವ’ ಎಂದೂ ಬರೆಸಿಕೊಳ್ಳುತ್ತಾರೆ, ಮುಂದೆಂದಾದರೂ ಜಮೀನಿನ ತಕರಾರು ಬಂದರೆ ಕೋರ್ಟಿಗೆ ಹಾಜರುಪಡಿಸುವವರಂತೆ.

ಹಸ್ತಾಕ್ಷರಕ್ಕೆ ದೊಡ್ಡ ಶತ್ರು ಮಳೆಗಾಲ. ಜೂನ್ ಹಿಡಿದು ನಾಲ್ಕು ತಿಂಗಳು ಹೆಗ್ಗರಣೆಯಲ್ಲಿ ಒಣಗಿದ್ದೆಂಬುದು ಅಪರೂಪ. ಡಾಂಬರು ಗುಳಿಗೆ ಸುರಿದರೂ ಬೂಷ್ಟು ಬರುತ್ತದೆ, ಒರಲೆ ಬರುತ್ತದೆ. ಕೊನೆಗೆ ಅಡುಗೆಮನೆಯ ಹೊಗೆ ತಾಗುವ ಕಡೆ ಟ್ರಂಕನ್ನು ಏರಿಸುತ್ತಾರೆ. ಅಲ್ಲಿ ಒಂದೆರಡು ವರ್ಷ ಕಳೆದರೆ ಕೌರವನ ದಗಲೆಗೂ ಹಪ್ಪಳಕ್ಕೂ ವಾಸನೆ ಒಂದೇ. ಬಿಸಿಲು ಬಿದ್ದ ದಿನ ಅಂಗಳದಲ್ಲಿ ಚಾಲಿ ಅಡಿಕೆಯ ಪಕ್ಕ ದಗಲೆಗಳನ್ನು ಹರವುತ್ತಾರೆ. ಮನೆಗೆ ಬಂದವರು ಅಡಿಕೆಯ ದರ ಕೇಳುತ್ತಾರೆ, ದಗಲೆಯದನ್ನು ಯಾರೂ ಕೇಳುವುದಿಲ್ಲ.

ಇಂಥ ಒಂದು ದಿನವೇ ಅನಾಹುತ ನಡೆಯುವುದು. ಸಂಗ್ರಾಹಕ ಸೊಸೈಟಿಗೆ ಹೋಗಿ ಬರುವಷ್ಟರಲ್ಲಿ ಹಗ್ಗದ ಮೇಲೆ ಭಸ್ಮಾಸುರ ನೀರು ಸೋರುತ್ತ ನೇತಾಡುತ್ತಿರುತ್ತಾನೆ.

“ಎಂತ ಮಾಡಿದ್ಯೇ?”

“ಮುಗ್ಗು ವಾಸನೆ ಬರ್ತಿತ್ತು. ಸೋಪಿನ ಪುಡಿ ಹಾಕಿ ತೊಳದಿದ್ದಿ.”

ಬೆಲೆಯೇ ಬೆವರಿನದ್ದು ಎಂದು ಅವನು ಬ್ರೆಜಿಲ್ಲಿನಿಂದ ಶುರುಮಾಡಿ ವಿವರಿಸುತ್ತಾನೆ. ಹೆಂಡತಿ ಕೊನೆಯವರೆಗೂ ಕೇಳಿ, “ಯಾರದಾದ್ರೂ ಬೆವರು ಬೆವರೇ ಅಲ್ದಾ?” ಎಂದು ಒಳಗೆ ಹೋಗುತ್ತಾಳೆ. ಅಸ್ತರಿನ ಮೇಲಿದ್ದ ರುಜು ನೀಲಿ ಮೋಡವಾಗಿರುತ್ತದೆ. ಆ ಮೋಡದಲ್ಲೂ ಅವನಿಗೆ ‘ಚಿ’ ಕಾಣುತ್ತದೆ.

ಪ್ರದರ್ಶನಕ್ಕೆ ಸಿಕ್ಕಿಬೀಳುವವರು ಉಂಚಳ್ಳಿ ಜಲಪಾತ ನೋಡಲು ಬಂದ ನೆಂಟರು. 116 ಮೀಟರ್ ಎತ್ತರದಿಂದ ಬೀಳುವ ಅಘನಾಶಿನಿಯ ಅಬ್ಬರಕ್ಕೆ ಊರವರು ಅದನ್ನು ಕೆಪ್ಪ ಜೋಗ ಎನ್ನುತ್ತಾರೆ. 1845ರಲ್ಲಿ ಬ್ರಿಟಿಷರ ಕಲೆಕ್ಟರ್ ಲಷಿಂಗ್ಟನ್ ಅದನ್ನು ಕಂಡು ಹೋದದ್ದರಿಂದ ಲಷಿಂಗ್ಟನ್ ಜಲಪಾತವೆಂಬ ಹೆಸರೂ ಅಂಟಿಕೊಂಡಿದೆ. ಸಂಗ್ರಾಹಕನಿಗೆ ಆ ಸಾಹೇಬನ ಮೇಲೆ ಒಳಗೊಳಗೇ ಮತ್ಸರ. ಮಳೆ ಹಿಡಿದು ನೆಂಟರು ಜಗುಲಿಯಲ್ಲಿ ಕೂತರೋ, ಟ್ರಂಕು ಇಳಿಯುತ್ತದೆ. ಯಾರಾದರೂ ಕೈಚಾಚಿದರೆ “ಮುಟ್ಟಡ ಮಾರಾಯಾ” ಎಂಬ ಕೂಗು. ಒಂದೊಂದು ದಗಲೆಗೂ ಒಂದೊಂದು ರಾತ್ರಿಯ ಕತೆ. ಶಿರಸಿ ಮಾರಿಜಾತ್ರೆಯ ಡೇರೆ, ಪಂಥಕ್ಕೆ ಬಿದ್ದ ಜೋಡಾಟ, ಭಾಗವತರ ಏರುಪದ ಎಲ್ಲ ಬರುತ್ತದೆ. ಈ ಕತೆಗಳಲ್ಲಿ ಅವನು ಹುಟ್ಟುವ ಮುಂಚಿನ ಆಟಗಳೂ ಸೇರಿರುತ್ತವೆ, ಅವುಗಳಲ್ಲೂ ಅವನು ಮುಂದಿನ ಸಾಲಿನಲ್ಲೇ ಕೂತಿರುತ್ತಾನೆ. ಕೇಳುತ್ತ ಕೇಳುತ್ತ ನೆಂಟರಿಗೆ ಆಟವೇ ಕಣ್ಣಿಗೆ ಕಟ್ಟುವುದೂ ಉಂಟು, ಅಷ್ಟರಮಟ್ಟಿಗೆ ಇವನನ್ನು ಸುಳ್ಳನೆಂದು ತಳ್ಳಿಹಾಕುವುದು ಕಷ್ಟ.

ಸಂಗ್ರಹ ಹೊರಗೆ ಬರುವುದು ಗಣೇಶ ಚೌತಿಯ ಹೊತ್ತಿನ ಊರ ಹುಡುಗರ ಆಟಕ್ಕೆ. ಬಾಡಿಗೆ ವೇಷದಲ್ಲಿ ಒಂದು ದಗಲೆ ಕಮ್ಮಿ ಬಿದ್ದು ಹುಡುಗರು ಬಾಗಿಲಿಗೆ ಬಂದಾಗ ಸಂಗ್ರಾಹಕ ಮೊದಲು ಆಗುವುದಿಲ್ಲ ಎನ್ನುತ್ತಾನೆ, ಆಮೇಲೆ ಕವಳ ಹಾಕಿ ಯೋಚಿಸುತ್ತಾನೆ, ಕೊನೆಗೆ ಭಸ್ಮಾಸುರರ ಪೈಕಿ ಸಣ್ಣದನ್ನು ತೆಗೆದು ಕೊಡುತ್ತಾನೆ. ಬೆಳಿಗ್ಗೆ ಅದು ಎಡ ಕಂಕುಳೂ ಹರಿದು ವಾಪಸು ಬರುತ್ತದೆ. ಎರಡು ದಿನ ಅವನು ಯಾರೊಡನೆಯೂ ಮಾತಾಡುವುದಿಲ್ಲ. ಮೂರನೇ ದಿನ ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿ ತೆರೆದು, ಎಡಗಡೆಯ ಹರುಕು ಅಭಿಮನ್ಯು ಕಾಳಗದ್ದು ಎಂದು ಬರೆದು, ಹುಡುಗನನ್ನು ಕರೆಸಿ ಅಸ್ತರಿನ ಮೇಲೆ ರುಜು ಹಾಕಿಸುತ್ತಾನೆ.